ಒಡೆಯದ ಅನ್ಯೂರಿಸಂ: ಚಿಕಿತ್ಸೆಯ ಚರಿತ್ರೆ ಮತ್ತು ಕಲ್ಯಾಣ ಪರಿಸರ

ತಲೆನೋವೆಂದು ಮುಂಬಯಿ ಬಳಿಯ ಕಲ್ಯಾಣದಲ್ಲೋ ಡೊಂಬಿವಲಿಯಲ್ಲೋ ಎಂಆರ್‌ಐ ಮಾಡಿಸಿಕೊಂಡವರ ವರದಿಯಲ್ಲಿ ಒಮ್ಮೊಮ್ಮೆ ಯಾರೂ ಹುಡುಕದ ಸಾಲೊಂದು ಇರುತ್ತದೆ: ಮಿದುಳಿನ ರಕ್ತನಾಳದಲ್ಲಿ ಇಷ್ಟು ಮಿಲಿಮೀಟರಿನ ಉಬ್ಬು, ಅಂದರೆ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇದು ಇರುತ್ತದೆ. ಬಹುಪಾಲು ಜನ ಸುಳಿವೇ ಇಲ್ಲದೆ ಬಾಳಿ ಹೋಗುತ್ತಾರೆ. ಒಡೆಯದ ಉಬ್ಬನ್ನು ಕಾಯಿಲೆಯ ಪಟ್ಟಿಗೆ ಸೇರಿಸಿದ್ದು ಚಿತ್ರಣ ತಂತ್ರ. ಚಿಕಿತ್ಸೆ ಅದರ ಬೆನ್ನಿಗೆ ಬಂತು.

1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣಿಸಿದರು. ಹತ್ತು ವರ್ಷದ ಮೇಲೆ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ ಬೆಳ್ಳಿಯ ಕ್ಲಿಪ್ ಹಾಕಿದರು. ಭಾರತದಲ್ಲಿ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು; ಮುಂಬಯಿಯಲ್ಲಿ ರಾಮ್ ಗಿಂಡೆ ಈ ವಿದ್ಯೆಗೆ ನೆಲೆ ಒದಗಿಸಿದವರಲ್ಲಿ ಮೊದಲಿಗರು.

ತಲೆ ತೆರೆಯದೆ ಒಳದಾರಿಯಿಂದಲೇ ಹೋಗುವ ಯೋಚನೆ ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ ಅವರದು. ಮೇ ದಿನದ ಮೆರವಣಿಗೆಯಲ್ಲಿ ದಾರಕ್ಕೆ ಕಟ್ಟಿದ ಬಲೂನು ಕಂಡು ಹೊಳೆಯಿತೆಂದು ಹೇಳುವುದುಂಟು. ಕಳಚಿ ಬಿಡುವ ಬಲೂನಿನ ಅವರ ಪ್ರಬಂಧ 1974ರಲ್ಲಿ ಬಂತು. ಆದರೆ ಉಬ್ಬಿನ ಆಕಾರಕ್ಕೆ ಬಲೂನು ಒಗ್ಗಬೇಕಲ್ಲ! ಆ ತೊಡಕನ್ನು ಬಿಡಿಸಿದವರು ಇಟಲಿಯ ಗುಯಿಡೊ ಗುಗ್ಲಿಯೆಲ್ಮಿ. ಪ್ರಯೋಗದ ನಡುವೆ ವಿದ್ಯುತ್ ಹರಿದಾಗ ಉಕ್ಕಿನ ತುದಿ ಕರಗಿ ಕಳಚಿಕೊಂಡದ್ದನ್ನು ಅವರು ಗಮನಿಸಿದ್ದರು. ಲಾಸ್ ಏಂಜಲೀಸಿನಲ್ಲಿ ಅದನ್ನೇ ಉಪಾಯವಾಗಿಸಿದರು. ತೊಡೆಸಂದಿನ ಧಮನಿಯಿಂದ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಉಬ್ಬಿನೊಳಗೆ ಸೇರುತ್ತದೆ. ಮೆತ್ತನೆಯ ಪ್ಲಾಟಿನಂ ಕಾಯಿಲ್ ಅಲ್ಲಿ ಸುರುಳಿಯಾಗುತ್ತದೆ. ಸರಿ ಕೂರದಿದ್ದರೆ ಹಿಂದಕ್ಕೆ ಎಳೆದುಕೊಳ್ಳಬಹುದು. ಕೂತಿತೆಂದರೆ ಅತಿ ಸಣ್ಣ ವಿದ್ಯುತ್ ಪ್ರವಾಹ ಹರಿಸಿದಾಗ ಜೋಡಣೆಯ ಉಕ್ಕು ಕರಗಿ ಕಾಯಿಲ್ ಅಲ್ಲೇ ಉಳಿಯುತ್ತದೆ. 1990ರಲ್ಲಿ ರೋಗಿಗಳ ಮೇಲೆ ಬಳಕೆ ಶುರುವಾಯಿತು; ಅಮೆರಿಕ 1995ರಲ್ಲಿ ಅನುಮತಿ ಕೊಟ್ಟಿತು. ರಕ್ತದ ಹರಿವನ್ನೇ ಉಬ್ಬಿನಿಂದ ಬೇರೆಡೆಗೆ ತಿರುಗಿಸುವ ಪೈಪ್‌ಲೈನ್ ಎಂಬ ಜಾಲರಿಗೆ ಅಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು.

ಕಾಯಿಲನ್ನೂ ಕ್ಲಿಪ್ಪನ್ನೂ ಹೋಲಿಸಿದ 2002ರ ಐಸ್ಯಾಟ್ ಅಧ್ಯಯನದಲ್ಲಿ ಒಂದು ವರ್ಷದ ಹೊತ್ತಿಗೆ ಸತ್ತವರು ಇಲ್ಲವೇ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ ಶೇ 23.7, ಕ್ಲಿಪ್ ಗುಂಪಿನಲ್ಲಿ ಶೇ 30.6. ಅದು ಒಡೆದ ಉಬ್ಬಿನ ಲೆಕ್ಕ. ಒಡೆಯದ ಉಬ್ಬಿಗೂ ಅದನ್ನೇ ಎಳೆದು ತರುವುದು ಸಲ್ಲದು. 4060 ರೋಗಿಗಳ 2003ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಹಿಂದೆ ರಕ್ತಸ್ರಾವವಾಗದವರ ಮಿದುಳಿನ ಮುಂಭಾಗದ, 7 ಮಿ.ಮೀ.ಗಿಂತ ಸಣ್ಣ ಉಬ್ಬುಗಳು ಐದು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ, 25 ಮಿ.ಮೀ. ದಾಟಿದವುಗಳಲ್ಲಿ ಶೇ 40 ಒಡೆದಿದ್ದವು. ಕಾಯಿಲ್ ಹಾಕುವುದು ಮೇಲೋ ಕಾಯುವುದು ಮೇಲೋ ಎಂದು ಪರೀಕ್ಷಿಸಹೊರಟ ಟೀಮ್ ಪ್ರಯೋಗ ಸಾಕಷ್ಟು ರೋಗಿಗಳು ಸಿಗದೆ 80ಕ್ಕೇ ನಿಂತಿತು.

ಕಾಯಿಲ್ ಚಿಕಿತ್ಸೆಗೆಂದು ಕಲ್ಯಾಣದವರು ಬಹಳ ಕಾಲ ಸೆಂಟ್ರಲ್ ಲೈನ್ ರೈಲು ಹಿಡಿದು ಪರೇಲದ ಕೆಇಎಂ ಆಸ್ಪತ್ರೆಗೋ ಮುಂಬಯಿಯ ಖಾಸಗಿ ಆಸ್ಪತ್ರೆಗೋ ಹೋಗಬೇಕಿತ್ತು. 2007ರಲ್ಲಿ ಠಾಣೆಯ ಜ್ಯೂಪಿಟರ್, 2016ರಲ್ಲಿ ಬೇಲಾಪುರದ ಅಪೋಲೊ ಆಸ್ಪತ್ರೆಗಳು ಬಂದ ಮೇಲೆ ದೂರ ಕುಗ್ಗಿದೆ. ಕ್ಯಾತಿಟರ್ ಚಿಕಿತ್ಸೆಯ ಕ್ಯಾಥ್ ಲ್ಯಾಬ್ ಹತ್ತಿರ ಬಂದಷ್ಟೂ ಕಾಯುವ ನಿರ್ಧಾರ ಕಷ್ಟವಾಗುತ್ತದೆ. ಈ ಭಾಗದ ಆಸ್ಪತ್ರೆಗಳು ಕಾಯಿಲ್ ಹಾಕಿಸಿಕೊಂಡವರ ಜೊತೆಗೆ, ಸ್ಕ್ಯಾನ್ ಮಾಡಿಸುತ್ತ ಸುಮ್ಮನೆ ಕಾದವರ ಫಲಿತಾಂಶವನ್ನೂ ಒಟ್ಟಾಗಿ ಪ್ರಕಟಿಸಬೇಕು.