ತೋಟದಿಂದ ಕಾಡಿಗೆ ಹೋದ ಹೂ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಟವರಿಗೆ ಕಾಡಿನಲ್ಲಿ ಮತ್ತೆ ಮತ್ತೆ ಎದುರಾಗುವ ಪೊದೆಯೊಂದುಂಟು. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಕೆಂಪು. ಅದರ ಮೇಲೆ ಚಿಟ್ಟೆಗಳ ಸಂತೆ. ಮನೆಯಂಗಳಕ್ಕೆ ಚಿಟ್ಟೆ, ಜೇನು ಬರಲೆಂದು ಬಯಸುವ ಪಟ್ಟಣಿಗರಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲವೆಂದು ತೋರೀತು. ಇದೇ ಲಂಟಾನ. ಇದರ ಚರಿತ್ರೆಯನ್ನು ತಿಳಿದ ಮೇಲೆ ಆ ಆಸೆ ಉಳಿಯಲಾರದು.

ಲಂಟಾನದ ತವರು ಅಮೆರಿಕದ ಉಷ್ಣವಲಯ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ತೋಟಗಳ ಬೇಲಿಗೆ ದಾಟಿತು. ಬೇಲಿ ಅದನ್ನು ಹಿಡಿದಿಡಲಿಲ್ಲ. ಹೂವಿಗೆ ಬಂದ ಚಿಟ್ಟೆ ಕಾಯಿ ಕಟ್ಟಿಸಿತು. ಹಣ್ಣು ತಿಂದ ಹಕ್ಕಿ ಬೀಜವನ್ನು ಕಾಡಿಗೆ ಹೊತ್ತಿತು. ಈಗ ಬಂಡೀಪುರದಲ್ಲಿಯೂ, ಚಾಮರಾಜನಗರದ ಮೂಡಲಿಗಿರುವ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಅದರ ದಟ್ಟ ಪೊದೆಯಡಿ ಹುಲ್ಲು ಸೊರಗುತ್ತದೆ, ಮರದ ಸಸಿಗಳಿಗೆ ಏಳಲು ಎಡೆಯಿಲ್ಲ. ಇಂದಿನ ಸಸಿಯೇ ಅಲ್ಲವೆ ನಾಳೆ ಜೇನು ಹುಡುಕಿ ಬರುವ ಮರ?

ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂದು ಜೇನುಗಳನ್ನು ಬೇರೆಬೇರೆಯಾಗಿ ಬಲ್ಲ ಬೆಟ್ಟದ ಸೋಲಿಗರು ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆಗೆ ಅವರು ಇಡುತ್ತಿದ್ದ ‘ತರಗು ಬೆಂಕಿ’ ಈ ಪೊದೆಯನ್ನು ಅಂಕೆಯಲ್ಲಿಟ್ಟಿತ್ತಂತೆ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೆಂಕಿ ನಿಂತಿತು, ಲಂಟಾನ ನಿಲ್ಲಲಿಲ್ಲ. 2011ರಲ್ಲಿ ಅರಣ್ಯಹಕ್ಕು ಕಾಯಿದೆಯಂತೆ ಜೇನು, ನೆಲ್ಲಿ ಸಂಗ್ರಹಿಸುವ ಹಕ್ಕು ಸೋಲಿಗರಿಗೆ ಮರಳಿ ಬಂದಾಗ ಕಾಡು ಹಿಂದಿನ ಕಾಡಾಗಿ ಉಳಿದಿರಲಿಲ್ಲ.

ಪರದೇಶದ್ದೆಂಬುದೇ ದೋಷವಲ್ಲ. ಗುಂಡ್ಲುಪೇಟೆಯ ಹೊಲಗಳಲ್ಲಿ ಮಳೆಗಾಲಕ್ಕೆ ಅರಳಿ ನೆರೆಯ ಕೇರಳದವರನ್ನೂ ಸೆಳೆಯುವ ಚೆಂಡುಹೂ, ಸೂರ್ಯಕಾಂತಿಗಳೂ ಅಮೆರಿಕ ಖಂಡದಿಂದಲೇ ಬಂದವು. ಆದರೆ ಅವು ರೈತ ಬಿತ್ತಿದ ಸಾಲಿನಲ್ಲಿ ನಿಲ್ಲುತ್ತವೆ. ಸೂರ್ಯಕಾಂತಿಯಂತೂ ತೆನೆ ತುಂಬ ಕಾಳು ಕಟ್ಟಲು ಜೇನಿನ ನೆರವನ್ನು ಬೇಡುತ್ತದೆ.

ಹಾಗಾದರೆ ಅಂಗಳದಲ್ಲಿ ಏನಿರಬೇಕು? ಚಿಟ್ಟೆಗೆ ಮಕರಂದವಷ್ಟೇ ಸಾಲದು. ಮೊಟ್ಟೆಯಿಡಲು ಎಲೆಯೂ ಬೇಕು. ಒಗ್ಗರಣೆಗೆಂದು ಬೆಳೆಸಿದ ಕರಿಬೇವಿನಲ್ಲಿ ನಿಂಬೆಚಿಟ್ಟೆಯ ಸಂಸಾರ ನಡೆಯುತ್ತದೆ. ಎಕ್ಕದ ಎಲೆ ಕಿತ್ತಳೆಬಣ್ಣದ ಚಿಟ್ಟೆಯ ಹುಳುವಿಗೆ ಊಟ. ಅದರ ಹೂ, ಮರ ಕೊರೆಯುವ ಕರಿದುಂಬಿಗೆ ಔತಣ. ತುಳಸಿ, ತುಂಬೆಗಳಿಗೆ ತುಡುವೆ ತಾನಾಗಿ ಬರುತ್ತದೆ. ಸ್ಥಳವುಳ್ಳವರು ಹೊಂಗೆ, ನೇರಳೆ ನೆಡಬಹುದು.

ಈ ಗಿಡಗಳಲ್ಲಿ ಕೆಲವಕ್ಕೆ ಲಂಟಾನದ ಬೆಡಗಿಲ್ಲ, ನಿಜ. ಆದರೆ ಬೆಡಗನ್ನು ಮಾತ್ರ ನೋಡಿ ಆರಿಸಿದ ಗಿಡದ ಬೆಲೆಯನ್ನು ಎರಡು ಶತಮಾನಗಳಾಚೆ ತೆತ್ತವರು ತೋಟದ ಯಜಮಾನರಲ್ಲ, ಕಾಡಿನವರು.