ತಂಡದ ಕೆಲಸ, ಕಂಪನಿಯ ಕಡತ: ಜೈವಿಕ ತಂತ್ರಜ್ಞಾನದ ಉದ್ಯಮ ಪ್ರಾಜೆಕ್ಟುಗಳಲ್ಲಿ ವಿದ್ಯಾರ್ಥಿಯ ಪಾಲು

ಕಂಪನಿಯ ಹಣದಲ್ಲಿ ನಡೆಯುವ ಪ್ರಾಜೆಕ್ಟಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯ ಸ್ಥಾನ ಯಾವುದು? ಶೀಲಾ ಸ್ಲಾಟರ್ ಮತ್ತು ಸಂಗಡಿಗರು 2002ರಲ್ಲಿ ‘ಸೈನ್ಸ್, ಟೆಕ್ನಾಲಜಿ ಅಂಡ್ ಹ್ಯೂಮನ್ ವ್ಯಾಲ್ಯೂಸ್’ ಪತ್ರಿಕೆಯಲ್ಲಿ ಇದಕ್ಕೆ ಕೊಟ್ಟ ಉತ್ತರ ಕಟುವಾದದ್ದು. ಪ್ರಾಧ್ಯಾಪಕರಿಗೂ ಕಂಪನಿಗಳಿಗೂ ನಡೆಯುವ ಕೊಡುಕೊಳುವಿಕೆಯಲ್ಲಿ ವಿದ್ಯಾರ್ಥಿಯೇ ವಿನಿಮಯದ ನಾಣ್ಯವಾಗುತ್ತಾನೆ ಎಂಬುದು ಅವರ ವಾದ. ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಕಾಣಿಕೆಯ ಬಗ್ಗೆ ಮಂಡಿಸಿದ ವಿಚಾರಗಳ ಜಾಡಿನಲ್ಲಿ ಹೊರಟ ವಾದವಿದು. ಪ್ರಾಧ್ಯಾಪಕರು ತಾವು ತಯಾರು ಮಾಡಿದ ಹುಡುಗ ಹುಡುಗಿಯರನ್ನು ಕಂಪನಿಯತ್ತ ಕಳಿಸುತ್ತಾರೆ. ಕಂಪನಿಯಿಂದ ಹಣ, ಉಪಕರಣ, ನಂಟು ಮರಳಿ ಬರುತ್ತವೆ. ಉದ್ಯಮ ಮತ್ತು ವಿಶ್ವವಿದ್ಯಾಲಯಗಳ ಸಂಬಂಧವನ್ನು ಅಭ್ಯಾಸ ಮಾಡುವವರು ಈ ಲೇಖನವನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ತಂಡವಾಗಿ ನಡೆಯುವ ಪ್ರಾಜೆಕ್ಟುಗಳಿಗೆ ಅದೇ ತೀರ್ಮಾನವನ್ನು ಅನ್ವಯಿಸಿದರೆ ಅದು ಪೂರ್ತಿ ಹೊಂದುವುದಿಲ್ಲ.

ಹಿನ್ನೆಲೆಯ ಬಗ್ಗೆ ದೊಡ್ಡ ತಕರಾರೇನೂ ಇಲ್ಲ. ಆನಂದ ಚಕ್ರವರ್ತಿ ರೂಪಿಸಿದ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1980ರಲ್ಲಿ. ಸರ್ಕಾರಿ ಹಣದಲ್ಲಿ ಆದ ಆವಿಷ್ಕಾರದ ಒಡೆತನವನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ದಾರಿ ಮಾಡಿದ ಬೇ-ಡೋಲ್ ಕಾಯ್ದೆಯೂ ಅದೇ ವರ್ಷದ್ದು. 1997ರಿಂದ ಸ್ಲೋನ್ ಪ್ರತಿಷ್ಠಾನ ವೃತ್ತಿಪರ ವಿಜ್ಞಾನ ಸ್ನಾತಕೋತ್ತರ ಪದವಿಗಳಿಗೆ ಬೆಂಬಲ ಕೊಡತೊಡಗಿತು. ಪಿಎಚ್.ಡಿ.ಯ ಹಾದಿ ಬೇಡವೆನ್ನುವ, ಆದರೆ ವಿಜ್ಞಾನ ಬಿಡಲೊಲ್ಲದ ಪದವೀಧರರಿಗೆ ಉದ್ಯಮದ ಬಾಗಿಲು ತೆರೆಯುವುದು ಅದರ ಉದ್ದೇಶವಾಗಿತ್ತು.

ಅದೇ 1997ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಅದಕ್ಕೆ ಡಬ್ಲ್ಯು.ಎಂ. ಕೆಕ್ ಪ್ರತಿಷ್ಠಾನ ಕೊಟ್ಟ ಮೊತ್ತ 5 ಕೋಟಿ ಡಾಲರ್. ಸ್ಥಾಪಕ ಅಧ್ಯಕ್ಷ ಹೆನ್ರಿ ರಿಗ್ಸ್ ಅದಕ್ಕೂ ಮೊದಲು ಪಕ್ಕದ ಹಾರ್ವಿ ಮಡ್ ಕಾಲೇಜಿನ ಅಧ್ಯಕ್ಷರಾಗಿದ್ದವರು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳಿಗೆ ಕಂಪನಿಗಳ ನಿಜವಾದ ಸಮಸ್ಯೆಗಳನ್ನೇ ಕೊಡುವ ‘ಕ್ಲಿನಿಕ್’ ಆ ಕಾಲೇಜಿನಲ್ಲಿ 1963ರಿಂದ ನಡೆದುಬಂದಿದೆ. ಹೊಸ ಸಂಸ್ಥೆಯ ‘ಟೀಮ್ ಮಾಸ್ಟರ್ಸ್ ಪ್ರಾಜೆಕ್ಟ್’ ಅದೇ ಬಳ್ಳಿಯ ಕುಡಿ ಎಂದರೆ ತಪ್ಪಾಗಲಾರದು. ಇಲ್ಲಿ ಎರಡನೇ ವರ್ಷದ ಕೆಲವೇ ವಿದ್ಯಾರ್ಥಿಗಳ ತಂಡ ಒಂದು ಶೈಕ್ಷಣಿಕ ವರ್ಷವಿಡೀ ಒಂದು ಕಂಪನಿಯ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತದೆ. ಕಂಪನಿ ಶುಲ್ಕ ಕಟ್ಟುತ್ತದೆ. ಸಂಸ್ಥೆಯ ಕಡೆಯಿಂದ ಒಬ್ಬ ಅಧ್ಯಾಪಕ ಮಾರ್ಗದರ್ಶಿ, ಕಂಪನಿಯ ಕಡೆಯಿಂದ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ಪ್ರಬಂಧದ ಜಾಗದಲ್ಲಿ ಕೊನೆಗೆ ವರದಿ ಮತ್ತು ಮಂಡನೆ.

ಸ್ಲಾಟರ್ ಅವರ ಚಿತ್ರಕ್ಕೂ ಈ ವ್ಯವಸ್ಥೆಗೂ ಎಲ್ಲಿ ಹೊಂದಿಕೆ ತಪ್ಪುತ್ತದೆ? ಕಾಣಿಕೆಗೆ ಬಲ ಬರುವುದು ಲೆಕ್ಕ ಬಾಯಿಬಿಟ್ಟು ಆಡದೆ ಇದ್ದಾಗ. ಪಿಎಚ್.ಡಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಫೆಲೋಶಿಪ್, ಪ್ರಬಂಧ, ಶಿಫಾರಸು ಪತ್ರ ಎಲ್ಲವೂ ಒಬ್ಬರೇ ಗುರುಗಳ ಕೈಯಲ್ಲಿರುತ್ತವೆ. ಅವರು ಯಾವ ಕಂಪನಿಯ ಕೆಲಸ ಮಾಡೆನ್ನುತ್ತಾರೋ ಅದನ್ನು ಬೇಡವೆನ್ನುವುದು ಸುಲಭವಲ್ಲ. ಕ್ಲೇರ್‌ಮಾಂಟ್ ಮಾದರಿಯಲ್ಲಿ ಬೆಲೆ ಕರಾರಿನಲ್ಲೇ ಬರೆದಿರುತ್ತದೆ, ಸಂಬಂಧ ಒಂದು ವರ್ಷಕ್ಕೆ ಮುಗಿಯುತ್ತದೆ, ಕಂಪನಿ ಕೊಳ್ಳುವುದು ತಂಡದ ಉತ್ತರವನ್ನು. ಸ್ಲಾಟರ್ ಅವರ ಆಧಾರದಲ್ಲೂ ಒಂದು ಕೊರತೆಯಿದೆ: ಅವರು ಸಂದರ್ಶಿಸಿದ್ದು ಪ್ರಾಧ್ಯಾಪಕರನ್ನು. ನಾಣ್ಯವೆಂದು ಕರೆಯಲಾದ ವಿದ್ಯಾರ್ಥಿಯ ಬಾಯಿಂದ ಕೇಳಿದ್ದು ಆ ವಾದದ ತಳಪಾಯದಲ್ಲಿಲ್ಲ.

ಹಾಗೆಂದು ತಂಡದ ಪ್ರಾಜೆಕ್ಟಿನಲ್ಲಿ ವಿದ್ಯಾರ್ಥಿಗೆ ನಷ್ಟವೇ ಇಲ್ಲವೆ? ಇದೆ, ಆದರೆ ಬೇರೆ ಜಾಗದಲ್ಲಿ. ನಾಲ್ವರ ಒಂದು ತಂಡ ಪ್ರೋಟೀನ್ ಶುದ್ಧೀಕರಣದ ಇಳುವರಿ ಏಕೆ ಕುಸಿಯುತ್ತಿದೆ ಎಂದು ಹುಡುಕುತ್ತಿದೆ ಎಂದಿಟ್ಟುಕೊಳ್ಳೋಣ. ಒಬ್ಬಳು ದಿನವಿಡೀ ಕ್ರೊಮ್ಯಾಟೊಗ್ರಫಿ ಕಾಲಮ್ಮಿನ ಮುಂದೆ. ಬಫರ್‌ನ ಪಿಎಚ್ ತುಸು ಬದಲಿಸಿ ಮತ್ತೆ ಓಡಿಸುವುದು, ಗ್ರಾಫಿನಲ್ಲಿ ಶಿಖರ ಎಲ್ಲಿ ಏಳುತ್ತದೆಂದು ಕಾಯುವುದು ಅವಳ ಪಾಲು. ಇನ್ನೊಬ್ಬ ಪ್ರತಿ ಗ್ರಾಂಗೆ ಬೀಳುವ ವೆಚ್ಚವನ್ನು ಎಕ್ಸೆಲ್‌ನಲ್ಲಿ ಕೂಡಿಸುತ್ತಾನೆ. ಮತ್ತೊಬ್ಬಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮಗಳ ಕಡತ ಓದುತ್ತಾಳೆ. ನಾಲ್ಕನೆಯವನು ವಾರಕ್ಕೊಮ್ಮೆ ಕಂಪನಿಯವರೊಡನೆ ಫೋನಿನಲ್ಲಿ ಮಾತಾಡುತ್ತಾನೆ, ಕೊನೆಗೆ ವೇದಿಕೆಯ ಮೇಲೂ ಅವನೇ. (ಇಂಥ ನಾಲ್ಕನೆಯವನನ್ನು ಕಾಣದ ಕಾಲೇಜು ಎಲ್ಲಿದೆ!) ವರದಿ ತಂಡದ ಹೆಸರಿನಲ್ಲಿ ಸಿದ್ಧವಾಗಿ, ಗೋಪ್ಯತೆಯ ಕರಾರಿನಡಿ ಕಂಪನಿಯ ಕಡತಕ್ಕೆ ಸೇರುತ್ತದೆ. ಮುಂದಿನ ವರ್ಷ ಬೇರೆ ಕಡೆ ಕೆಲಸ ಕೇಳುವಾಗ ಕಾಲಮ್ಮಿನ ಮುಂದೆ ನಿಂತವಳು ಏನನ್ನು ತೋರಿಸಬೇಕು?

ಈ ಲೇಖನದ ಮುಖ್ಯ ವಾದ ಇದೇ: ತಂಡ ಮತ್ತು ಗೋಪ್ಯತೆ ಜೊತೆಗೂಡಿದಾಗ ವಿದ್ಯಾರ್ಥಿ ಕಳೆದುಕೊಳ್ಳುವುದು ಮುಖ್ಯವಾಗಿ ತನ್ನ ಕೆಲಸದ ಪುರಾವೆಯನ್ನು. ಈ ಮಾತಿಗೆ ಮಿತಿಗಳಿವೆ. ಎಲ್ಲ ಕರಾರುಗಳೂ ಒಂದೇ ಬಿಗಿಯಲ್ಲಿರುವುದಿಲ್ಲ. ಮಾರುಕಟ್ಟೆ ಸಮೀಕ್ಷೆಯಂಥ ಕೆಲಸದಲ್ಲಿ ಮುಚ್ಚಿಡಬೇಕಾದ್ದು ಕಡಿಮೆ ಇರಬಹುದು. ಪ್ರಾಜೆಕ್ಟ್ ಕೊಟ್ಟ ಕಂಪನಿಯೇ ನೌಕರಿ ಕೊಟ್ಟರೆ ಪುರಾವೆಯ ಪ್ರಶ್ನೆಯೇ ಏಳದು. ಕಂಪನಿಯ ಸಂಪರ್ಕಾಧಿಕಾರಿಯ ಒಂದು ಶಿಫಾರಸು ಎಷ್ಟೋ ಬಾರಿ ಪ್ರಕಟಿತ ಲೇಖನಕ್ಕಿಂತ ಹೆಚ್ಚು ಕೆಲಸ ಮಾಡೀತು. ಇನ್ನೊಂದು ಮಾತು: ಪೇಟೆಂಟಿನ ಹಕ್ಕು ಕರಾರಿನಂತೆ ಕಂಪನಿಗೆ ಹೋದರೂ ಅಮೆರಿಕದ ಕಾನೂನಿನಲ್ಲಿ ನಿಜವಾದ ಆವಿಷ್ಕಾರಕರ ಹೆಸರು ಅರ್ಜಿಯಲ್ಲಿ ಇರಲೇಬೇಕು. ಆದರೆ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಪೇಟೆಂಟಿನವರೆಗೆ ಹೋಗುವಂಥವು ಎಷ್ಟಿರಬಹುದು? ಇಳುವರಿ ಸುಧಾರಿಸಿದವಳಿಗೆ ಆ ರಕ್ಷಣೆ ತಲುಪುವುದಿಲ್ಲ.

ಗುಂಪಿನಲ್ಲಿ ದುಡಿಮೆ ಸಡಿಲವಾಗುತ್ತದೆ ಎಂಬ ಹಳೆಯ ಆಕ್ಷೇಪಕ್ಕೂ ಇಲ್ಲಿ ಕೊಂಡಿಯಿದೆ. ಚಪ್ಪಾಳೆ ತಟ್ಟಿಸಿ, ಕೂಗಿಸಿ ಮನಶ್ಶಾಸ್ತ್ರಜ್ಞ ಬಿಬ್ ಲಾಟಾನೆ ಮತ್ತು ಸಂಗಡಿಗರು 1979ರಲ್ಲಿ ಅದನ್ನು ತೋರಿಸಿಕೊಟ್ಟರು. ಯಾರ ಪಾಲು ಎಷ್ಟೆಂದು ಗುರುತಿಸುವಂತಿದ್ದರೆ ಆ ಸಡಿಲತೆ ಇಳಿಯುತ್ತದೆ ಎಂಬುದು ಅದೇ ಸಂಶೋಧಕರ 1981ರ ಪ್ರಯೋಗದಲ್ಲಿ ಕಂಡುಬಂತು. 78 ಅಧ್ಯಯನಗಳನ್ನು ಒಟ್ಟುಗೂಡಿಸಿದ ಕರಾವ್ ಮತ್ತು ವಿಲಿಯಮ್ಸ್ ಅವರ 1993ರ ವಿಶ್ಲೇಷಣೆಯೂ ಅದನ್ನು ಬೆಂಬಲಿಸುತ್ತದೆ. ಅಂದಮೇಲೆ ಪ್ರತಿಯೊಬ್ಬರ ಪಾಲನ್ನು ಬರೆದಿಡುವುದು ವಿದ್ಯಾರ್ಥಿಗಷ್ಟೇ ಅಲ್ಲ, ಕಂಪನಿಗೂ ಲಾಭದ ಬಾಬತ್ತು.

ಸಹಿ ಹಾಕುವ ಒಂದು ಹಾಳೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2011ರ ಸ್ಟ್ಯಾನ್‌ಫರ್ಡ್ ಮತ್ತು ರೋಷ್ ಮೊಕದ್ದಮೆ ಸಾಕು. ಸ್ಟ್ಯಾನ್‌ಫರ್ಡಿನ ಒಬ್ಬ ಸಂಶೋಧಕ ಪಿಸಿಆರ್ ತಂತ್ರ ಕಲಿಯಲು ಸೀಟಸ್ ಕಂಪನಿಗೆ ಹೋದಾಗ ಅಲ್ಲಿ ಕೊಟ್ಟ ಪತ್ರಕ್ಕೆ ಸಹಿ ಮಾಡಿದ್ದರು. ವಿಶ್ವವಿದ್ಯಾಲಯದ ಕರಾರು ಹಕ್ಕನ್ನು ಮುಂದೆ ವಹಿಸಿಕೊಡುವ ಭರವಸೆಯಷ್ಟೇ ಆಗಿತ್ತು; ಸೀಟಸ್‌ನದು ಆ ಕ್ಷಣಕ್ಕೇ ವಹಿಸಿಕೊಟ್ಟಿತ್ತು. ಸೀಟಸ್‌ನ ಆ ಹಕ್ಕು ಮುಂದೆ ರೋಷ್ ಕಂಪನಿಯ ಪಾಲಾಯಿತು. ಎಚ್‌ಐವಿ ಪ್ರಮಾಣ ಅಳೆಯುವ ವಿಧಾನದ ಪೇಟೆಂಟುಗಳ ಈ ಜಗಳ ಸುಪ್ರೀಂ ಕೋರ್ಟ್ ತಲುಪಿ, ಬೇ-ಡೋಲ್ ಕಾಯ್ದೆ ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಒಡೆತನ ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ನುರಿತ ಸಂಶೋಧಕನ ಸಹಿಯೇ ಇಷ್ಟಾದರೆ, ಸೆಮಿಸ್ಟರಿನ ಮೊದಲ ವಾರದಲ್ಲಿ ಸಹಿ ಹಾಕುವ ವಿದ್ಯಾರ್ಥಿಗೆ ಆ ಹಾಳೆಯನ್ನು ಯಾರಾದರೂ ಕೂತು ಓದಿ ತಿಳಿಸಬೇಕು.

ಕರ್ನಾಟಕಕ್ಕೆ ಇದು ದೂರದ ಸಂಗತಿಯಲ್ಲ. ಬೆಂಗಳೂರಿನ ಬಯೋಕಾನ್ ಅಕಾಡೆಮಿ ತನ್ನ ಜೀವವಿಜ್ಞಾನ ಸರ್ಟಿಫಿಕೇಟ್ ಕೋರ್ಸನ್ನು ರೂಪಿಸಿದ್ದು ಇದೇ ಕೆಕ್ ಸಂಸ್ಥೆಯ ಜೊತೆಗೂಡಿ. ರಾಜ್ಯದ ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲೂ ಕೊನೆಯ ಸೆಮಿಸ್ಟರನ್ನು ಕಂಪನಿಯಲ್ಲಿ ಕಳೆಯುವ ರೂಢಿ ಬೆಳೆದಿದೆ.

ಮುಖ್ಯ ಪ್ರಶ್ನೆ ಇನ್ನೂ ತೆರೆದೇ ಇದೆ. ಪುರಾವೆಯ ಈ ಕೊರತೆ ಪದವೀಧರರ ಮುಂದಿನ ನೌಕರಿಯಲ್ಲಿ ನಿಜವಾಗಿ ಅಡ್ಡ ಬರುತ್ತದೆಯೇ, ಅಥವಾ ಸಂದರ್ಶನದ ಒಂದು ಗಂಟೆಯಲ್ಲಿ ಜಾಣರು ಅದನ್ನು ತುಂಬಿಕೊಳ್ಳುತ್ತಾರೆಯೇ ಎಂಬುದು ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ ತಿಳಿಯಬೇಕಾದದ್ದು. ಅಲ್ಲಿಯವರೆಗೆ ವಿಭಾಗಗಳು ಒಂದು ಸಣ್ಣ ಕೆಲಸ ಮಾಡಬಹುದು: ತಮ್ಮ ಉದ್ಯಮ ಪ್ರಾಜೆಕ್ಟುಗಳ ಕರಾರಿನ ಖಾಲಿ ನಮೂನೆಯನ್ನು ಪ್ರವೇಶದ ಕೈಪಿಡಿಯಲ್ಲೇ ಅಚ್ಚು ಹಾಕಲಿ, ಮತ್ತು ಗುಟ್ಟು ಬಿಡದೆಯೇ ಪ್ರತಿ ವಿದ್ಯಾರ್ಥಿ ಏನು ಮಾಡಿದಳು, ಏನು ಮಾಡಿದನು ಎಂಬ ಒಂದು ಪುಟಕ್ಕೆ ಕಂಪನಿಯ ಸಂಪರ್ಕಾಧಿಕಾರಿಯ ಸಹಿ ಪಡೆಯಲಿ.