ಕ್ಯಾಸನೂರಿಗೆ ಜ್ವರ ಎಲ್ಲಿಂದ ಬಂತು?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಧಾವಿಸಿ ಬಂದರು. ಏಷ್ಯಾ ಖಂಡ ಅದುವರೆಗೆ ಕಾಣದ ಹಳದಿ ಜ್ವರ ಕಾಲಿಟ್ಟಿತೇ ಎಂಬ ಭಯ ಅವರದು. ಅದಾಗಿರಲಿಲ್ಲ. ಸಿಕ್ಕ ವೈರಸ್ಸು ಸೈಬೀರಿಯದ ಮಿದುಳುಜ್ವರದ ವೈರಸ್ಸಿಗೆ ದಾಯಾದಿ. ಹರಡುವುದು ಉಣುಗಿನಿಂದ, ಧಾರವಾಡದ ಕಡೆಯ ಮಾತಿನಲ್ಲಿ ಉಣ್ಣಿಯಿಂದ.

ಈ ದಾಯಾದಿತನವೇ ವಾದದ ಬೀಜ. ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗು ಹೊತ್ತು ತಂದಿರಬಹುದೆಂದು ಕೆಲವರು ಊಹಿಸಿದರು. ಸಲೀಂ ಅಲಿಯವರ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂದುದೂ ಈ ಶಂಕೆಯಿಂದಲೇ. ಮುಂದೆ ಅಮೆರಿಕದ ಸೇನೆಯ ಹಣ ಸೇರಿತು. 1974-75ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿಯವರೆಗೆ ವಿಷಯ ಹೋಗಿ, ಜೈವಿಕ ಯುದ್ಧದ ಮಾತೂ ಎದ್ದಿತು. ಟೆಲಿವಿಷನ್ನಿನವರಿಗೆ ಇಂಥ ಕಥೆಯೆಂದರೆ ಹಬ್ಬ! ಆದರೆ ಹಕ್ಕಿಗಳೇ ರೋಗ ತಂದವೆಂಬುದು ಸಿದ್ಧವಾಗಲಿಲ್ಲ.

ಜಾರ್ಜ್ ಬೊಶೆಲ್ 1969ರಲ್ಲಿ ಬೇರೆಯೇ ವಾದ ಮುಂದಿಟ್ಟರು. ಇವರು ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರವನ್ನು ಬಲ್ಲವರು. ವೈರಸ್ಸು ಕಾಡಿನಲ್ಲೇ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇತ್ತು. ಗದ್ದೆಗಾಗಿ ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದಾಗ ಅವುಗಳ ರಕ್ತ ಕುಡಿದ ಉಣುಗು ಬೆಟ್ಟದಷ್ಟು ಬೆಳೆಯಿತು. ಮಂಗ ಸತ್ತೊಡನೆ ಅದರ ಮೈಯ ಉಣುಗು ನೆಲಕ್ಕುದುರಿ, ಸೌದೆಗೆ ಹೋದವರಿಗೆ ಹತ್ತಿತು. 1957ಕ್ಕೆ ಮುಂಚೆಯೇ ಸೌರಾಷ್ಟ್ರದ ಜನರ ರಕ್ತದಲ್ಲಿ ಇಂಥ ವೈರಸ್ಸಿನ ಕುರುಹು ಕಂಡಿದ್ದುದು ಈ ಪಕ್ಷಕ್ಕೆ ಬಲ ಕೊಡುತ್ತದೆ.

ವಂಶವಾಹಿಗಳ ಲೆಕ್ಕದಿಂದಲೂ ಜಗಳ ಮುಗಿಯಲಿಲ್ಲ. 2009ರ ಒಂದು ಅಧ್ಯಯನ ವೈರಸ್ಸಿನ ಮೂಲವನ್ನು 1942ರ ಸುಮಾರಿಗೆ ತಂದಿತು. 2011ರ ಇನ್ನೊಂದು, ಸೌದಿ ಅರೇಬಿಯದ ಅಲ್ಖುರ್ಮಾ ವೈರಸ್ಸೂ ಇದೂ ಕವಲೊಡೆದು ಸುಮಾರು 700 ವರ್ಷವಾಯಿತೆಂದಿತು. ಕವಲೊಡೆದ ಕಾಲ ಬೇರೆ, ಕ್ಯಾಸನೂರಿಗೆ ಬಂದ ಕಾಲ ಬೇರೆ. ಇವೆರಡನ್ನು ಬೆರೆಸುವುದರಿಂದಲೇ ಅರ್ಧ ಗೊಂದಲ. ಬೊಶೆಲ್ ಉತ್ತರಿಸಿದ್ದು ಮೂರನೆಯ ಪ್ರಶ್ನೆಗೆ: ಮನುಷ್ಯನಿಗೆ ಏಕೆ ಬಂತು? ಅದಕ್ಕೆ ಅವರದೇ ಗಟ್ಟಿ ಉತ್ತರವೆಂದು ನನಗೆ ಕಾಣುತ್ತದೆ.

ನವಲಗುಂದದ ಎರೆಭೂಮಿಯವರಿಗೆ ಇದು ದೂರದ ಮಾತಾಗಿ ಕಂಡೀತು. ಕಲಘಟಗಿಯವರಿಗೆ ಹಾಗಲ್ಲ. ರೋಗ 2012ರಲ್ಲಿ ಬಂಡೀಪುರದಲ್ಲಿ, 2015ರಲ್ಲಿ ಗೋವಾದಲ್ಲಿ ಕಾಣಿಸಿತು. ಸೊರಬಕ್ಕೂ ಗೋವಾಕ್ಕೂ ನಡುವೆ ಕಲಘಟಗಿಯ ಕಾಡಿದೆ. ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯನ್ನು ಸತ್ತ್ವ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಅಂದೇ ಸುದ್ದಿ ಮುಟ್ಟಿಸಬೇಕು.